ಒಲೆಯ ಹಿಂದಿನ ಲಿಲ್ಲಿ

ಚಹಾ ಎಲೆ ಕೀಳುವವರ ಬೆರಳು ಕಪ್ಪಾಗಿರುತ್ತದೆ, ಎಷ್ಟು ತಿಕ್ಕಿದರೂ ಆ ಕರೆ ಹೋಗುವುದಿಲ್ಲ. ಎದುರುಮನೆ ಹೆತ್ತೆಯ ಬಲಗೈ ಹಾಗೇ ಇತ್ತು. ಎಡಗೈಯ ತೋರುಬೆರಳು ಮಾತ್ರ ಉಗುರಿನಿಂದ ಎರಡನೇ ಗೆಣ್ಣಿನವರೆಗೆ ಕೆಮ್ಮಣ್ಣಿನ ಕೆಂಪು. ಹೊಸಬರು ಅದನ್ನು ಮದರಂಗಿ ಎಂದುಕೊಳ್ಳುತ್ತಿದ್ದರು. ಬಿಳಿ ಮುಂಡು, ತಲೆಗೆ ಬಿಳಿ ಬಟ್ಟೆ, ಹಣೆಯಲ್ಲಿ ಹಳೆಯ ಹಚ್ಚೆ, ಇಷ್ಟೆಲ್ಲದರ ನಡುವೆ ಕಣ್ಣು ಹೋಗುತ್ತಿದ್ದದ್ದು ಆ ಒಂದು ಬೆರಳಿಗೇ.

ನೀಲಗಿರಿಯ ಬಡಗರು ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ನಾವು ಮೈಸೂರು ಕಡೆಯವರು, ಕೋತಗಿರಿಯ ಹತ್ತಿರದ ಈ ಹಟ್ಟಿಗೆ ದಿನಸಿ ಅಂಗಡಿ ಇಡಲು ಬಂದವರು. ಬಂದ ಮೊದಲ ಚಳಿಗಾಲದಲ್ಲಿ ಬಾಡಿಗೆ ಮನೆಯ ಒಲೆಯ ಮುಂದೆ ಒದ್ದೆ ಸೌದೆ ಊದುತ್ತ ನಾನು ಅಳುತ್ತಿದ್ದೆ. ಅರ್ಧ ಹೊಗೆಗೆ, ಅರ್ಧ ತವರಿನ ನೆನಪಿಗೆ. ಹೆತ್ತೆ ಒಡೆದ ಮಡಕೆಯ ಚೂರಿನಲ್ಲಿ ತಮ್ಮ ಒಲೆಯ ಕೆಂಡ ತಂದು ನನ್ನ ಒಲೆಗೆ ಸುರಿದರು.

"ಮೈಸೂರೋರು ಸಾರಿಗೂ ಬೆಲ್ಲ ಹಾಕ್ತೀರಂತೆ. ಸೌದೆಗೂ ಒಂದ್ ಚೂರು ಹಾಕಿ ನೋಡ್ದೆಯಾ, ಕೂಸೇ?" ಎಂದರು. ನಮ್ಮೊಡನೆ ಆಡುವಾಗ ತಮ್ಮ ಬಡಗ ಮಾತನ್ನು ನಮ್ಮ ಕನ್ನಡದ ಕಡೆಗೆ ಸ್ವಲ್ಪ ಬಗ್ಗಿಸುತ್ತಿದ್ದರು. ಆ ಚಳಿಗಾಲವೆಲ್ಲ ದಿನಾ ಬೆಳಗ್ಗೆ ನನ್ನ ಮನೆಗೆ ಕೆಂಡ ಬಂತು.

ಅವರ ಯಜಮಾನರಿಗೆ ಎರಡು ಗೀಳು. ಒಂದು ಚಳಿ. ಬೆಟ್ಟದಲ್ಲೇ ಹುಟ್ಟಿದವರು ಬಿಸಿಲಿನಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಇನ್ನೊಂದು ಹೂವು. ಮೇಲಿನ ಹುಲ್ಲುಗುಡ್ಡದಲ್ಲಿ ಕಾಡುಲಿಲ್ಲಿ ಅರಳುತ್ತದೆ, ಗೇಣುದ್ದದ ಬಿಳಿ ಹೂವು, ಮೂಗಿಗೆ ಹತ್ತುವಷ್ಟು ಪರಿಮಳ. ಊಟಿಯ ಬಂಗಲೆಗಳಲ್ಲಿ ಅದನ್ನು ಕುಂಡದಲ್ಲಿ ಬೆಳೆಸಿದ್ದನ್ನು ನೋಡಿಬಂದ ಹೆತ್ತೆ, "ಎಂಗ ಮನೆ ಮುಂದೆ ಯಾಕಿಲ್ಲೆ?" ಎಂದು ಕೇಳಿದರು. ಅಷ್ಟು ಸಾಕಾಯಿತು. ನವೆಂಬರಿನ ಒಂದು ಮಧ್ಯಾಹ್ನ ಯಜಮಾನರು ಗೆಡ್ಡೆ ಅಗೆಯಲು ಗುಡ್ಡ ಹತ್ತಿದರು. ಮರಳುವಾಗ ಮಳೆ ಹಿಡಿಯಿತು. ರಸ್ತೆಯ ತಿರುವಿನಲ್ಲಿ ಚಹಾ ತೋಟದ ಏರು ಪೂರ್ತಿ ಜರಿದು ಅವರ ಮೇಲೆ ಬಿತ್ತು. ಅದಕ್ಕೆ ಸ್ವಲ್ಪ ಮುಂಚೆ ಅವರನ್ನು ಕಂಡವರು ಹೇಳಿದರು: ಕೋಟಿನ ಎರಡು ಜೇಬೂ ಉಬ್ಬಿದ್ದವಂತೆ.

ಅಗೆದವರಿಗೆ ಕೊಡೆ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಕೊನೆಗೆ ಬಸ್ಸು ಓಡಬೇಕಲ್ಲ, ಜೆಸಿಬಿ ಬಂದು ಮಣ್ಣು ಬಾಚಿತು, ಲಾರಿಗಳು ಹೊತ್ತವು. ತಗ್ಗು ತುಂಬಬೇಕಾದವರೆಲ್ಲ ಆ ಮಣ್ಣು ಹಾಕಿಸಿಕೊಂಡರು. ಹೆತ್ತೆಯ ಮನೆಯ ಎದುರಿಗೆ ನಾವು ಕೊಂಡಿದ್ದ ಸೈಟೂ ಆಗಲೇ ತುಂಬಿದ್ದು. ಮಣ್ಣು ಕೂರಲು ಕೆಲವು ವರ್ಷ ಬಿಟ್ಟು ಅದರ ಮೇಲೆ ಮನೆ ಕಟ್ಟಿದೆವು.

ಬಡಗರಲ್ಲಿ ಸಾವಾದಾಗ ಹಿರಿಯರೊಬ್ಬರು ಹೆಣದ ಮುಂದೆ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಸೇರಿದವರೆಲ್ಲ ಅದು ಕಳೆಯಲಿ ಎನ್ನುತ್ತಾರೆ. ಅದಾಗದೆ ಸತ್ತವರಿಗೆ ದಾರಿಯಿಲ್ಲ ಎಂಬುದು ಹೆತ್ತೆಯ ನಂಬಿಕೆ. ಕೊಡೆಯನ್ನೇ ಇಟ್ಟು ಕಾರ್ಯ ಮುಗಿಸೋಣ ಎಂದು ಹಿರಿಯರು ಹೇಳಿದರೆ, ಹೆತ್ತೆ ಒಪ್ಪಲಿಲ್ಲ.

"ಕೊಡೆ ಏನ್ ಪಾಪ ಮಾಡಿತ್ತು?" ಎಂದು ಕೇಳಿದರು. ಕಾರ್ಯ ಹಾಗೇ ನಿಂತಿತು.

ಅಂದಿನಿಂದ ಅವರು ಹುಡುಕತೊಡಗಿದರು. ಜೇಬಿನಲ್ಲಿ ಗೆಡ್ಡೆಯಿದ್ದರೆ ಒಂದಲ್ಲ ಒಂದು ಮಳೆಗೆ ಚಿಗುರಲೇಬೇಕು, ಚಿಗುರಿದ ಕಡೆ ಯಜಮಾನರಿದ್ದಾರೆ. ಇದು ಅವರ ಲೆಕ್ಕ. ಆದರೆ ಈ ಲಿಲ್ಲಿಯ ಸ್ವಭಾವ ವಿಚಿತ್ರ. ಕಾಂಡ ಗೆಡ್ಡೆಯಿಂದ ನೆಟ್ಟಗೆ ಮೇಲೆ ಬರುವುದಿಲ್ಲ, ಮಣ್ಣೊಳಗೇ ಅಡ್ಡಡ್ಡ ನಡೆದು ಬೇರೆಲ್ಲೋ ತಲೆ ಎತ್ತುತ್ತದೆ. ಅದಕ್ಕೇ ಹೆತ್ತೆ, ಜರಿದ ಏರಿನಲ್ಲಿ ಲಿಲ್ಲಿಯಂತೆ ಕಂಡ ಪ್ರತಿ ಚಿಗುರಿನ ಬುಡಕ್ಕೂ ಬೆರಳು ತೂರಿಸಿ, ಕಾಂಡ ಯಾವ ಕಡೆಯಿಂದ ಬಂದಿದೆಯೆಂದು ತಡಕುತ್ತಿದ್ದರು. ಮಂಜಿನಲ್ಲಿ ಬಿಳಿ ಬಟ್ಟೆಯ ಆಕೃತಿ ಮಂಡಿಯೂರಿ ನೆಲ ಕೆದಕುವುದನ್ನು ಕಂಡ ಹೊಸ ಡ್ರೈವರೊಬ್ಬನಿಗೆ ಜ್ವರವೇ ಬಂತು. ಹೆತ್ತೆಗೆ ಅದನ್ನು ಹೇಳಿದರೆ, "ದೆವ್ವಕ್ಕೆ ಇಷ್ಟು ಸೊಂಟನೋವು ಇರ್ತದಾ?" ಎಂದು ನಕ್ಕರು. ಏರಿನಲ್ಲಿ ಲಿಲ್ಲಿ ಮಾತ್ರ ಒಂದೂ ಬರಲಿಲ್ಲ.

ನಾವು ಹೊಸ ಮನೆಗೆ ಬಂದ ಮೇಲೆ ಒಂದು ಮಳೆಗಾಲದ ಕೊನೆಯಲ್ಲಿ, ಸಂಜೆಯಾದರೆ ಅಡುಗೆಮನೆಯಲ್ಲಿ ಸಿಹಿ ಪರಿಮಳ. ಕಿಟಕಿ ಮುಚ್ಚಿದರೂ ಹೋಗದು. ಅಂಗಡಿಯ ಊದುಬತ್ತಿ ಸೀರೆಗೆ ಅಂಟಿರಬೇಕು ಎಂದುಕೊಂಡೆ. ಆಮೇಲೊಂದು ಬೆಳಗ್ಗೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೋಡುತ್ತೇನೆ, ಲಿಲ್ಲಿ. ನಾನು ನೆಟ್ಟದ್ದಲ್ಲ. ಮೊಗ್ಗು ಇನ್ನೂ ಬಿರಿದಿರಲಿಲ್ಲ. ಹಾಗಾದರೆ ಆ ಪರಿಮಳ ಎಲ್ಲಿಯದು ಎಂದು ನನಗೆ ಇಂದಿಗೂ ತಿಳಿಯದು.

"ಹೆತ್ತೇ, ನಿಮ್ಮ ಲಿಲ್ಲಿ ನಮ್ಮನೆಗೆ ಬಂದು ಕೂತಿದೆ ನೋಡಿ!" ಎಂದು ತಮಾಷೆಗೆ ಕೂಗಿದೆ. ಕೂಗಿದ ಮೇಲೆ ನಮ್ಮ ಮನೆಯ ಕೆಳಗಿನ ಮಣ್ಣು ಎಲ್ಲಿಯದೆಂದು ನೆನಪಾಯಿತು.

ಹೆತ್ತೆ ಎಲೆಬುಟ್ಟಿ ಬೆನ್ನಲ್ಲಿದ್ದಂತೆಯೇ ಬಂದರು. ಮಂಡಿಯೂರಿ ಗಿಡದ ಬುಡಕ್ಕೆ ಬೆರಳು ಇಳಿಸಿದರು. ಮೆಲ್ಲಗೆ ಮಣ್ಣು ಬಿಡಿಸುತ್ತ ಕಾಂಡದ ಹಿಂದೆಯೇ ತೆವಳಿದರು. ಅದು ಕಲ್ಲನ್ನು ಬಳಸಿ, ನೇರ ನಮ್ಮ ಅಡುಗೆಮನೆಯ ಗೋಡೆಯ ಕೆಳಗೆ ಹೋಗಿತ್ತು. ಹೆತ್ತೆ ಗೋಡೆಗೆ ಅಂಗೈ ಇಟ್ಟು ಕೂತರು.

"ಅಗೆಸೋಣ್ವಾ ಹೆತ್ತೆ? ಗೋಡೆ ಹೋದ್ರೆ ಹೋಗ್ಲಿ" ಎಂದರು ನನ್ನವರು.

"ಬೇಡ. ಮನೆ ಒಡೆದು ಹುಡುಕೋಕೆ ಅವ ಏನ್ ಕಳ್ಳನಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗೋಡೆಯಿಂದ ಆ ಕಡೆ ಏನಿದೆ, ಕೂಸೇ?"

"ಒಲೆ, ಹೆತ್ತೆ."

ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ಒಳ್ಳೇದಾತು," ಎಂದರು. "ಅವಂಗೆ ಚಳಿ ಆಗದು. ಒಲೆ ಆರೋಕೆ ಬಿಡ್ಬೇಡ."

ಆ ವಾರವೇ ನಮ್ಮ ಹಿತ್ತಿಲಲ್ಲಿ ಹಟ್ಟಿ ಸೇರಿತು. ಹಿರಿಯರು ಗೋಡೆಯ ಮುಂದೆ ನಿಂತು ಪಾಪಗಳನ್ನು ಹೇಳತೊಡಗಿದರು. ಗಡಿಕಲ್ಲು ಸರಿಸಿದ ಪಾಪ ಬಂದಾಗ ಹೆತ್ತೆ ತಡೆದು, "ಸರಿಸಿದ್ದು ಇವ ಅಲ್ಲ, ಇವನ ಅಣ್ಣ" ಎಂದರು. ಎಲ್ಲರೂ ನಕ್ಕರು. ಮುಗಿಯಿತು ಎನ್ನುವಾಗ ಅವರು ಮತ್ತೆ ಕೈ ಎತ್ತಿದರು. "ಹೆಂಡತಿ ಹೂ ಕೇಳಿದ ಪಾಪ. ಅದನ್ನೂ ಸೇರಿಸು."

ಹಿರಿಯರು ಅದನ್ನೂ ಹೇಳಿದರು. ಕಳೆಯಲಿ ಎಂದು ಎಲ್ಲರೂ ಅಂದೆವು, ನಾನು ಎಲ್ಲರಿಗಿಂತ ಗಟ್ಟಿಯಾಗಿ ಅಂದೆ. ಹೆತ್ತೆ ಒಗೆಯುವ ಕಲ್ಲಿನ ಮೇಲೆ ಆ ಬೆರಳನ್ನು ತಿಕ್ಕಿ ತಿಕ್ಕಿ ತೊಳೆದರು.

ಮುಂದಿನ ಮಳೆಗಾಲಕ್ಕೆ ಹೆತ್ತೆ ಇರಲಿಲ್ಲ. ಮಲಗಿಸಿದಾಗ ಅವರ ಎಡಗೈ ಹಿಡಿದು ನೋಡಿದೆ. ಕೆಂಪು ಎಲ್ಲೂ ಇರಲಿಲ್ಲ.

ಈಗ ನಮ್ಮಲ್ಲಿ ಗ್ಯಾಸ್ ಇದೆ, ಆದರೂ ಸೌದೆ ಒಲೆ ತೆಗೆಸಿಲ್ಲ. ದಿನಾ ಬೆಳಗ್ಗೆ ಮೊದಲು ಅದನ್ನೇ ಹಚ್ಚುತ್ತೇನೆ. ಹೋದ ಚಳಿಗಾಲದಲ್ಲಿ ತವರಿನಲ್ಲಿ ಮದುವೆಯೆಂದು ಮನೆಗೆ ಬೀಗ ಹಾಕಿ ಎಲ್ಲರೂ ಹೋಗಿದ್ದೆವು. ಅಲ್ಲಿದ್ದ ಒಂದು ವಾರವೂ ನನಗೆ ಒಲೆಯದೇ ಚಿಂತೆ. ಬಂದವಳೇ ಚೀಲ ಇಳಿಸದೆ ಅಡುಗೆಮನೆಗೆ ಹೋಗಿ ಬೂದಿ ಕೆದಕಿದೆ.

ಒಳಗೆ ಕೆಂಡವಿತ್ತು. ಪಕ್ಕದಲ್ಲಿ ಒಡೆದ ಮಡಕೆಯ ಚೂರು. ಎರಡು ಸೌದೆ ಇಟ್ಟು ಊದಿದೆ.