ಹಚ್ಚೆಯಿಲ್ಲದ ಮುಖಪುಟಗಳು

ಅವ್ವ ಸತ್ತಾಗ ನನಗೆ ಎರಡು ವರ್ಷ. ಅವಳ ಫೋಟೋ ಇಲ್ಲ. ನಿಜಾಮನ ಕಾಲದ ಬೇವೂರಿನಲ್ಲಿ ಕೂಲಿಯವರ ಫೋಟೋ ಯಾವ ಪುಣ್ಯಾತ್ಮ ತೆಗೆಯುತ್ತಿದ್ದ? ನನ್ನನ್ನು ಸಾಕಿದವಳು ಅಪ್ಪನ ಅಕ್ಕ. ಅವ್ವ ಹೇಗಿದ್ದಳು ಎಂದು ಕೇಳಿದರೆ, ಎಲ್ಲರ ಹಾಗೆಯೇ ಇದ್ದಳು ಎಂದು ಅತ್ತೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಊರಿನ ಮಾಸ್ತರರ ಹೆಂಡತಿಗೆ ಗಡಿಯಾಚೆ ಧಾರವಾಡದ ತವರಿನಿಂದ ಕನ್ನಡ ಮಾಸಪತ್ರಿಕೆಗಳು ಬರುತ್ತಿದ್ದವು. ಓದಲು ಬಾರದ ನನಗೆ ಮುಖಪುಟದ ಬಣ್ಣದ ಹೆಂಗಸರಷ್ಟೇ ಬೇಕು. ಅವರ ಮನೆಯ ಜೋಳ ಹಸನು ಮಾಡಿಕೊಟ್ಟು ಹಳೆಯ ಸಂಚಿಕೆ ಇಸಿದುಕೊಳ್ಳುತ್ತಿದ್ದೆ. ಕೊಡ ಹೊತ್ತವಳೊಬ್ಬಳ ಚಿತ್ರ ತಂದು, ಅವ್ವ ಹೀಗಿದ್ದಳೇ ಎಂದು ಅತ್ತೆಗೆ ತೋರಿಸಿದೆ.

"ಅಯ್ಯ, ಇಷ್ಟುದ್ದ ಮೂಗಿನಾಕಿ ಅಲ್ಲ ಬಿಡು ನಿಮ್ಮವ್ವ" ಎಂದಳು.

ಅವ್ವನ ಬಗ್ಗೆ ನನಗೆ ಸಿಕ್ಕ ಮೊದಲ ಸುದ್ದಿ ಅದು. ಮುಂದಿನ ಚಿತ್ರಕ್ಕೆ, ಇಷ್ಟು ಕೂದಲು ಎಲ್ಲಿಯದು, ಜ್ವರ ಬಂದು ಅರ್ಧ ಉದುರಿತ್ತು ಎಂದಳು. ಕತ್ತು ವಾರೆ ಮಾಡಿ ನಾಚಿದವಳನ್ನು ತೋರಿಸಿದರೆ ನಕ್ಕೇ ಬಿಟ್ಟಳು. ಅವ್ವ ಗೌಡರನ್ನೂ ನೆಟ್ಟಗೆ ನೋಡಿ ಮಾತಾಡಿ ಬೈಸಿಕೊಳ್ಳುತ್ತಿದ್ದಳಂತೆ. ಹೀಗೆ ಒಂದು ಮುಖಪುಟಕ್ಕೆ ಒಂದು 'ಅಲ್ಲ'. ವರ್ಷಗಟ್ಟಲೆ ಜೋಳದ ಕಲ್ಲು ಆರಿಸಿದೆ. ಯುದ್ಧ ಶುರುವಾಗಿ ಕಾಗದ ತುಟ್ಟಿಯಾಯಿತು, ಪತ್ರಿಕೆಗಳು ತೆಳ್ಳಗಾದವು, ಬಣ್ಣ ಹೋಯಿತು. ಮುಖಪುಟದ ಗಂಟಿಗೆ ಇಲಿ ಬಿದ್ದವು. ಕೂತು ಕೂತು ನನ್ನ ಸೊಂಟವೂ ಬಿದ್ದುಹೋಯಿತು.

ಕೊನೆಗೆ ಅತ್ತೆ ಒಂದೇ ತಕರಾರು ಹಿಡಿದಳು. ಅವ್ವನ ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆ ಇದ್ದವಂತೆ. ಹಚ್ಚೆಯಿಲ್ಲದವಳು ನಮ್ಮ ಮನೆಯ ಸೊಸೆ ಹೇಗಾದಾಳು ಎನ್ನುತ್ತಿದ್ದಳು. ಪೇಟೆಯ ಚಿತ್ರಗಾರರಿಗೆ ಹಚ್ಚೆಯ ಸುದ್ದಿಯೇ ಗೊತ್ತಿಲ್ಲ. ಹಾಳಾದವರು ಕೆನ್ನೆಗೆ ಗುಲಾಬಿ ಬಳಿದಾರು, ಗದ್ದಕ್ಕೆ ಮೂರು ಚುಕ್ಕೆ ಇಡಲಾರರು.

ನನಗೆ ಸಾಕಾಗಿಹೋಗಿತ್ತು. ಒಂದು ಮಧ್ಯಾಹ್ನ, ಮುಖಪುಟವೊಂದರಲ್ಲಿ ಮೊರ ಹಿಡಿದು ಕೂತವಳ ಗದ್ದಕ್ಕೆ ಜೋಳದ ಕಡ್ಡಿಯಿಂದ ದೀಪದ ಕಪ್ಪು ಮುಟ್ಟಿಸಿದೆ, ಮೂರು ಕಡೆ. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಮುಖಪುಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಹ್ಞೂ. ಅಕೀನ" ಎಂದಳು. ಅಳತೊಡಗಿದಳು.

ಮೋಸದ ಕಡ್ಡಿಯನ್ನು ಒಲೆಗೆ ಒಗೆದೆ. ಆದರೂ ಒಳಗೊಳಗೆ ಆಸೆ: ಇನ್ನಾದರೂ ಇವಳ ಬಾಯಿ ಬಿಚ್ಚೀತು, ಅವ್ವನದೆಲ್ಲ ಹೇಳಿಯಾಳು. ಅತ್ತೆ ಚಿತ್ರವನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿ ಬಂದಳು. ಅವ್ವ ಹೇಗೆ ನಗುತ್ತಿದ್ದಳು ಎಂದು ಕೇಳಿದೆ.

"ಕಣ್ಮುಂದ ಕುಂತಾಳಲ್ಲ, ನೋಡ್ಕೋ. ಇನ್ನ ನನ್ನ ಕಾಡಬ್ಯಾಡ."

ಆಮೇಲೆ ಬೇರೆ ಚಿತ್ರ ತಂದರೆ ಕೈಯಲ್ಲಿ ಹಿಡಿಯಲೂ ಒಲ್ಲೆ ಎಂದಳು. ಬಂದವರಿಗೆಲ್ಲ ಜಗಲಿ ತೋರಿಸಿ, ನನ್ನ ತಮ್ಮನ ಹೆಂಡತಿ ಎನ್ನುತ್ತಿದ್ದಳು. ಮತ್ತೆ ಎಂಟು ವರ್ಷ ಬದುಕಿದ್ದಳು. ನನ್ನ ಅವ್ವ ಹೇಗಿರಲಿಲ್ಲ ಎಂಬುದನ್ನು ಒಂದು ದಿನವೂ ಹೇಳಲಿಲ್ಲ.