ದಾರ ಕಟ್ಟಿದ ವೈಪರ್

ನಮ್ಮ ಮನೆಯ ಜೀಪಿನಲ್ಲಿ ಜೀಪಿನದು ಎಂದು ಹೇಳಬಹುದಾದದ್ದು ಅದರ ಮುಖ ಮಾತ್ರ. ಎಂಜಿನ್ ಯಾವುದೋ ಟೆಂಪೋದ್ದು, ಸೀಟು ಹಳೇ ಬಸ್ಸಿನದು, ಹಿಂದಿನ ಬಾಗಿಲು ಯಾರದೋ ಮನೆಯ ಕಬ್ಬಿಣದ ಗೇಟು ಕತ್ತರಿಸಿ ಮಾಡಿದ್ದು. ನನ್ನ ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಸಾಹುಕಾರರು ಬೇಡವೆಂದು ಬಿಟ್ಟ ಗಾಡಿ ಅದು. ಕುಶಾಲನಗರಕ್ಕೆ ತಂದವರು ಲಕ್ಷ್ಮಿ ಒಲಿಯಲಿ ಎಂದು ಆರ್‌ಸಿಯನ್ನು ನನ್ನ ಹೆಸರಿಗೇ ಮಾಡಿಸಿದರು. ಲಕ್ಷ್ಮಿಯಂತೂ ಬರಲಿಲ್ಲ, ನನ್ನ ಸೀರೆಗಳಿಗೆಲ್ಲ ಡೀಸೆಲ್ ವಾಸನೆ ಬಂತು. ಏನು ಕೆಟ್ಟರೂ ಇನ್ಯಾವುದೋ ಗಾಡಿಯ ಸಾಮಾನು ತಂದು "ಹೊಂದುತ್ತೆ ಬಿಡು" ಅನ್ನುವುದು ಇವರ ಅಭ್ಯಾಸ. ಮದುವೆಯ ದಿನ ಅಮ್ಮ ಕಿವಿಯಲ್ಲಿ "ಹೊಂದಿಕೊಂಡು ಹೋಗು" ಅಂದಾಗಿನಿಂದ ನನಗೆ ಆ ಮಾತು ಕಂಡರಾಗದು.

ವೈಪರಿನದು ಇನ್ನೂ ದೊಡ್ಡ ಕಥೆ. ಅದರ ಮೋಟಾರು ಸುಟ್ಟುಹೋದ ಮೇಲೆ ಇವರು ವೈಪರಿಗೆ ಎರಡೂ ಕಡೆ ದಾರ ಕಟ್ಟಿದರು. ಬಲಗಡೆಯದು ಅವರ ಕೈಗೆ, ಎಡಗಡೆಯದು ಕಿಟಕಿಯ ಮೂಲಕ ನನ್ನ ಕೈಗೆ. ಅವರು ಒಮ್ಮೆ ಎಳೆದರೆ ನಾನು ಒಮ್ಮೆ ಎಳೆಯಬೇಕು. ಕೊಡಗಿನ ಮಳೆ ಒಂದು ಗಂಟೆಗೆ ನಿಲ್ಲುವ ಮಳೆಯೇ? ವರ್ಷಗಟ್ಟಲೆ ನಾನು ಎಡತೋಳು ನೆನೆಸಿಕೊಂಡೇ ಸ್ಕೂಲಿಗೆ ಹೋಗಿ ಪಾಠ ಮಾಡಿದ್ದೇನೆ. ಒಮ್ಮೆ ಸಂಪಾಜೆಯ ತಿರುವಿನಲ್ಲಿ ತೂಕಡಿಸಿ ದಾರ ಬಿಟ್ಟಿದ್ದಕ್ಕೆ ಬೈಸಿಕೊಂಡಿದ್ದೂ ಇದೆ.

ನಿವೃತ್ತಿಯಾದ ಮೇಲೆ ನಾನು ಆಸೆಪಟ್ಟದ್ದು ಒಂದೇ, ಲಂಕೆಯಲ್ಲಿ ಸೀತೆ ಇದ್ದಳೆನ್ನುವ ಅಶೋಕವನ ನೋಡಬೇಕು. ಆರು ದಿನದ ಟೂರ್ ಗೊತ್ತಾಯಿತು. ಅದರ ಜೊತೆಗೆ ನಾನು ಇನ್ನೊಂದು ಕೆಲಸವನ್ನೂ ಗೊತ್ತುಮಾಡಿದೆ. ಗುಜರಿಯವನನ್ನು ಕರೆದು ಕಾಗದಕ್ಕೆ ಸಹಿ ಹಾಕಿಕೊಟ್ಟು, ನಾವು ಹೊರಟ ಮೂರನೇ ದಿನ ಬಂದು ಜೀಪು ಎತ್ತಿಕೊಂಡು ಹೋಗು ಎಂದೆ. ಎದುರಿಗಿದ್ದರೆ ಇವರು ಬಿಡುವವರಲ್ಲ. ಬಂದ ಮೇಲೆ ನಾಲ್ಕು ದಿನ ಮುಖ ಊದಿಸಿಕೊಂಡಿರುತ್ತಾರೆ, ಆಮೇಲೆ ತಾವೇ ಹೊಂದಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಜೀಪಿನಿಂದ ತಪ್ಪಿಸಿಕೊಂಡು ಹೋದ ದೇಶದಲ್ಲಿ ನೋಡಿದರೆ ಬರೀ ಅದರ ನೆಂಟರು. ನಮ್ಮಜ್ಜನ ಕಾಲದ ಮಾರಿಸ್ ಕಾರುಗಳು ಮೈಗೆ ಬಣ್ಣ ಬಳಿದುಕೊಂಡು ರಸ್ತೆಯಲ್ಲಿ ಓಡಾಡುತ್ತಿದ್ದವು. ಹಳ್ಳಿಗಳಲ್ಲಿ ಗದ್ದೆ ಉಳುವ ಟಿಲ್ಲರಿಗೆ ಪೆಟ್ಟಿಗೆ ಕಟ್ಟಿ ಇಡೀ ಸಂಸಾರವನ್ನೇ ಕೂರಿಸಿಕೊಂಡು ಹೋಗುತ್ತಿದ್ದರು. ಸಮುದ್ರ ನೋಡಿ ಅಂದರೆ ಇವರು ಆ ಟಿಲ್ಲರಿನ ಬೆಲ್ಟು ನೋಡುತ್ತಿದ್ದರು. ಕಾರು ನಿಂತಲ್ಲೆಲ್ಲ ಬಗ್ಗಿ ಅದರ ಹೊಟ್ಟೆ ಪರೀಕ್ಷೆ. ನನಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಮೂರನೇ ದಿನ ಅಶೋಕವನಕ್ಕೆ ಹತ್ತುವ ದಾರಿಯಲ್ಲಿ, ಚಹಾ ತೋಟದ ಪಕ್ಕ, ವ್ಯಾನು ಚಹಾಕ್ಕೆ ನಿಂತಿತು. ಹತ್ತಿರದ ಶೆಡ್ಡಿನಲ್ಲಿ ಒಬ್ಬ ಮುದುಕ ಬಾಗಿಲಿಲ್ಲದ ಮಾರಿಸ್ ಒಂದನ್ನು ಬಿಚ್ಚಿಕೊಂಡು ಕೂತಿದ್ದ. ಇವರು ಎಸ್ಟೇಟಿನ ಲೈನುಮನೆಗಳಲ್ಲಿ ಕೆಲಸದವರಿಂದ ಕಲಿತ ತಮಿಳಿನಲ್ಲಿ ಮಾತಿಗೆ ನಿಂತರು. ಐದು ನಿಮಿಷ ಅಂದವರು ಬಂದದ್ದು ಮುಕ್ಕಾಲು ಗಂಟೆಗೆ. ಜೊತೆಯವರು ನನ್ನನ್ನು ಕೆಕ್ಕರಿಸಿ ನೋಡಿದರು. ನಾವು ತಲುಪುವಷ್ಟರಲ್ಲಿ ಅಲ್ಲಿನ ಸೀತೆಯ ಗುಡಿಗೆ ಮಧ್ಯಾಹ್ನದ ಬಾಗಿಲು ಹಾಕಿತ್ತು. ಕಾಯಲು ಡ್ರೈವರ್ ಒಪ್ಪಲಿಲ್ಲ. ನಾನು ಬಾಗಿಲ ಹೊರಗಿನಿಂದಲೇ ಕೈಮುಗಿದು, ಹಲ್ಲು ಕಚ್ಚಿಕೊಂಡು ವ್ಯಾನು ಹತ್ತಿದೆ.

ಇವರು ಪಕ್ಕದಲ್ಲಿ ಕೂತು ಕರವಸ್ತ್ರ ಬಿಚ್ಚಿದರು. ಒಳಗೆ ಗ್ರೀಸ್ ಮೆತ್ತಿದ ಒಂದು ಕಬ್ಬಿಣದ ಗಡ್ಡೆ, ಎರಡು ವೈರು.

"ವೈಪರ್ ಮೋಟಾರು ಕಣೆ. ನಮ್ಮದಕ್ಕೆ ಹೊಂದುತ್ತೆ. ನೀನಿನ್ನು ದಾರ ಎಳೆಯೋದು ಬೇಡ."

ಹೋಟೆಲಿಗೆ ಬಂದವಳೇ ವೈಫೈ ಹುಡುಕಿ ಗುಜರಿಯವನಿಗೆ ಫೋನ್ ಮಾಡಿದೆ. ಎತ್ತಬೇಡ, ನಿಲ್ಲು ಎಂದೆ. ಅವನಿಗೇ ಆಶ್ಚರ್ಯ.

"ನೀವೇ ಅರ್ಜೆಂಟ್ ಅಂದಿದ್ರಲ್ಲ ಟೀಚರೇ. ಬೆಳಿಗ್ಗೆನೇ ಗಾಡಿ ಕತ್ತರಿಸಿ ಆಯ್ತು."

ಉಳಿದ ಮೂರು ದಿನ ನಾನು ಏನು ನೋಡಿದೆನೋ ನೆನಪಿಲ್ಲ. ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ಇವರು ಆ ಮೋಟಾರನ್ನು ಎಲ್ಲಿ ಕೂರಿಸಬೇಕೆಂದು ಚೀಟಿಯ ಹಿಂದೆ ಚಿತ್ರ ಬರೆಯುತ್ತಿದ್ದರು. ಇಷ್ಟು ವರ್ಷ ಬಿಟ್ಟು ಈಗಲೇ ಬರಬೇಕಿತ್ತೇ ಈ ಬುದ್ಧಿ ಎಂದು ಅವರ ಮೇಲೆ ಸಿಟ್ಟು. ಒಂದು ಮಾತು ಕೇಳದೆ ಸಹಿ ಹಾಕಿದ ನನ್ನ ಕೈಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು.

ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಕೈಚೀಲ ತಪಾಸಣೆ ಮಾಡಿದವರು ಮೋಟಾರನ್ನು ಎತ್ತಿ ಪಕ್ಕಕ್ಕಿಟ್ಟರು. ವೈರಿರುವ ಇದೇನು ಎಂದು ಕೇಳಿದರು. ಒಡೆದೀತು ಎಂದು ಇವರು ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಯಲ್ಲೇ ಹಿಡಿದು ತಂದಿದ್ದರು. ಸ್ವಲ್ಪ ವಾದಿಸಿ ಹೋಗಲಿ ಬಿಡು ಎಂದುಬಿಟ್ಟರು. ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು, ನನಗೂ ಅನುಕೂಲವೇ ಆಗುತ್ತಿತ್ತು. ನಾನು ಬಿಡಲಿಲ್ಲ. ತರಗತಿಯಲ್ಲಿ ಬೈದ ಹಾಗೆ ಬೈದೆ, ಮೇಲಿನ ಅಧಿಕಾರಿಯನ್ನು ಕರೆಸಿದೆ, ಮಳೆ, ಘಾಟಿ, ದಾರ ಎಲ್ಲ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಗೆ ಅವರೇ ಬೇಸತ್ತು ಕೊಟ್ಟು ಕಳಿಸಿದರು. ಇಲ್ಲದ ಜೀಪಿಗಾಗಿ ನಾನು ಅಷ್ಟು ಜಗಳವಾಡಿದ್ದೆ.

ಟ್ಯಾಕ್ಸಿ ಬೈಲುಕುಪ್ಪೆ ದಾಟುವಾಗ ಮಳೆ ಹಿಡಿಯಿತು. ಅದರ ವೈಪರ್ ತನ್ನಷ್ಟಕ್ಕೆ ಗಾಜು ಒರೆಸುತ್ತಿತ್ತು. ನನ್ನ ಎಡಗೈ ಸುಮ್ಮನೆ ಮಡಿಲಲ್ಲಿತ್ತು.

"ನೀನು ಅಷ್ಟು ಜಗಳ ಆಡ್ತೀಯ ಅಂದ್ಕೊಂಡಿರ್ಲಿಲ್ಲ ಕಣೆ," ಎಂದರು. "ನಿಂಗೂ ಜೀಪು ಇಷ್ಟ ಅಂತ ಇವತ್ತು ಗೊತ್ತಾಯ್ತು."

ಕಾವೇರಿ ಸೇತುವೆಯ ಮೇಲೆ ಹೇಳಿಬಿಟ್ಟೆ. ಗುಜರಿಯವನು, ಸಹಿ, ಮೂರನೇ ದಿನ, ಎಲ್ಲ. ಬೈಯುತ್ತಾರೆಂದು ಕಾದೆ. ಮನೆ ಮುಂದೆ ಇಳಿದು ನೇರ ಶೆಡ್ಡಿಗೆ ಹೋದರು. ನೆಲದ ಮೇಲೆ ಎಣ್ಣೆಯ ಕಲೆ ಇತ್ತು. ಗುಜರಿಯವನು ಬಿಚ್ಚಿದ ನಮ್ಮ ಎರಡು ದಾರಗಳನ್ನು ಸುತ್ತಿ ಮೊಳೆಗೆ ತಗುಲಿಸಿದ್ದ. ಇವರು ಮೋಟಾರನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ಇದು ಬೇರೆ ಯಾವುದಕ್ಕೂ ಹೊಂದಲ್ಲ ಕಣೆ" ಅಂದರು.

ಹೊಂದಲ್ಲ ಎನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.