ಅರಿವೆ ಮುಚ್ಚಿದ ರೊಟ್ಟಿ ಬುಟ್ಟಿ

ನಮ್ಮ ಯರಗುಪ್ಪಿಯ ನೀಲಕ್ಕನಿಗೆ ಒಂದು ಕೆಟ್ಟ ಚಟವಿತ್ತು. ಯಾರ ಮನೆಗೆ ಹೋದರೂ ಮೊದಲು ದನದ ಗೋದಲಿ ಇಣುಕುವಳು. ೧೯೮೫ರ ಬೇಸಿಗೆಯಲ್ಲಿ ಸಾವಕಾರ ಕುಬೇರಪ್ಪನ ಎಮ್ಮೆ ಗೋದಲಿಯಲ್ಲಿ ಜೋಳದ ರೊಟ್ಟಿ ಮೆಲ್ಲುತ್ತಿರುವುದು ಕಂಡಿತು, ಒಂದಲ್ಲ, ಹನ್ನೆರಡು. ಅದೇ ಓಣಿಯ ತುದಿಯಲ್ಲಿ ಕೂಲಿಯ ಮೈಲಾರವ್ವ, ಹೊಲದ ಕೆಲಸವಿಲ್ಲದೆ, ಇಬ್ಬರು ಮಕ್ಕಳಿಗೆ ಬರೀ ಅಂಬಲಿ ಕುಡಿಸುತ್ತಿದ್ದಳು. ಕೈಯೊಡ್ಡುವುದಕ್ಕಿಂತ ಸಾಯುವುದೇ ಮೇಲು ಎನ್ನುವ ಹೆಣ್ಣು.

ಮರುದಿನ ನೀಲಕ್ಕ ತನ್ನ ಮನೆಯ ಕಟ್ಟೆಯ ಮೇಲೆ ದೊಡ್ಡ ಬುಟ್ಟಿ ಇಟ್ಟು ಅರಿವೆ ಮುಚ್ಚಿದಳು. ಉಳಿದ ರೊಟ್ಟಿಯನ್ನು ಕಡಕ್ಕಾಗಿ ಒಣಗಿಸಿ ತಂದು ಹಾಕಬೇಕು, ಬೇಕಾದವರು ಒಯ್ಯಬೇಕು. ಆದರೆ ಎಲ್ಲರೂ ಚೀಲ ಹಿಡಿದೇ ಬರಬೇಕು, ಅರಿವೆಯೊಳಗೇ ಕೈ ಹಾಕಬೇಕು. ಹಾಕಿದವರಾರು, ತೆಗೆದವರಾರು ಎಂಬುದು ಶಿವನಿಗಷ್ಟೇ ಗೊತ್ತು. ಮೈಲಾರವ್ವ ಮೂರು ದಿನ ದೂರದಿಂದ ನೋಡಿ, ನಾಲ್ಕನೆಯ ದಿನ ಚೀಲ ತಂದಳು.

ಕುಬೇರಪ್ಪನೂ ದಿನಾ ಬಂದು ಕೈ ಹಾಕಿ, "ನಾಕ ಹಾಕೇನಿ ನೋಡ ನೀಲಕ್ಕ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಅವನು ಕುಬೇರಪ್ಪ ಹೇಗಾದಾನು? ಒಂದು ಮುಂಜಾನೆ, ಮೈಲಾರವ್ವ ಅಲ್ಲೇ ನಿಂತಿದ್ದಾಗ, ಹೊಸ ವರಾತ ತೆಗೆದ.

"ಈ ಅರಿವಿ ಇನ್ನ ಬ್ಯಾಡ. ಯಾರ್ಯಾರ ಒಯ್ಯಾಕತ್ತಾರ ಊರಿಗೂ ತಿಳೀಲಿ."

ಮೈಲಾರವ್ವ ಚೀಲ ಮಡಚಿ ಕಂಕುಳಿಗೆ ಸೇರಿಸಿದಳು. ಇಂದು ತಿರುಗಿ ಹೋದರೆ ಮತ್ತೆ ಬರುವವಳಲ್ಲ. ನೀಲಕ್ಕ ನಕ್ಕಳು.

"ತಗೀರಿ ಸಾವಕಾರ್ರ, ಅದಕ್ಕೇನಂತ. ರೊಟ್ಟಿ ಬಡಿಯೂ ಕೈ ಒಬ್ಬೊಬ್ಬರದ ಒಂದೊಂದ ಥರಾ. ಅಂಚು ನೋಡಿ ಯಾರ ಮನೀದಂತ ಹೇಳ್ತೀನಿ. ಮೊದಲ ನಿಮ್ಮ ಮನೀವು ನಾಕೂ ಎತ್ತಿ ತೋರಸ್ತೀನಿ, ತಡೀರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅದುವರೆಗೆ ಕುಬೇರಪ್ಪ ಬುಟ್ಟಿಗೆ ಹಾಕಿದ್ದು ಬರೀ ಕೈ.

"ಇರಲಿ ಬಿಡವಾ, ಧೂಳ ಬೀಳತೈತಿ" ಎಂದು ತಾನೇ ಅರಿವೆ ಸರಿಮಾಡಿದ. ಮೈಲಾರವ್ವನ ಚೀಲ ಕಂಕುಳಿನಿಂದ ಹೊರಬಂತು. ಮರುದಿನದಿಂದ ಸಾವಕಾರನ ಮನೆಯ ಎಳ್ಳು ಹಚ್ಚಿದ ರೊಟ್ಟಿಗಳೂ ಬರತೊಡಗಿದವು. ಅವನ ಎಮ್ಮೆಗೆ ಮಾತ್ರ ನೀಲಕ್ಕನನ್ನು ಕಂಡರೆ ಆಗುತ್ತಿರಲಿಲ್ಲ.

ಮುಂದಿನ ಸುಗ್ಗಿಯಲ್ಲಿ, ಕೂಲಿಯವರ ಮನೆಗೆ ಜೋಳ ಬಂದ ವಾರ, ಬುಟ್ಟಿಯಲ್ಲಿ ಗುರುತಿಲ್ಲದ ಒಂದು ರೊಟ್ಟಿ ಸಿಕ್ಕಿತು. ನೀಲಕ್ಕ ಕಾಣದ ಕೈ ಓಣಿಯಲ್ಲಿ ಒಂದೇ ಉಳಿದಿತ್ತು, ಮೈಲಾರವ್ವನದು. ನೀಲಕ್ಕ ಅತ್ತಿತ್ತ ನೋಡಿ, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ, ಪಲ್ಯವಿಲ್ಲದೆ ಪೂರಾ ತಿಂದಳು. ಆ ಬುಟ್ಟಿಯಿಂದ ನೀಲಕ್ಕ ಕದ್ದದ್ದು ಅದೊಂದೇ.